ಹೊರಬೀಡಿನ ದಿನ ಒಳಗಿದ್ದವಳು

ಚಿಕ್ಕಜಾಲದ ಹಳೇ ಊರಿನ ಕೊನೆಯ ಬೀದಿಯಲ್ಲಿ ನಾನು ಆ ಸಂಜೆ ಮಳೆಗೆ ಸಿಕ್ಕಿಹಾಕಿಕೊಂಡೆ. ನಮ್ಮ ಶಾಲೆಯಿಂದ ನನ್ನನ್ನು ಗಣತಿ ಕೆಲಸಕ್ಕೆ ಹಾಕಿದ್ದರು. ಸರ್ಕಾರಕ್ಕೆ ಯಾವ ಕೆಲಸಕ್ಕೆ ಯಾರೂ ಸಿಗದಿದ್ದರೂ ಮೇಷ್ಟರುಗಳು ಸಿಗುತ್ತಾರೆ, ಬೇಡವೆನ್ನಲು ನಮಗೂ ಬಾಯಿಲ್ಲ. ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿದು ಕಾಲು ಪದ ಹೇಳುತ್ತಿತ್ತು. ಅರ್ಧ ಊರು ಬಾಡಿಗೆ ರೂಮುಗಳು, ಹಗಲು ಹೊತ್ತು ಅಲ್ಲಿ ಜನರೇ ಇರುವುದಿಲ್ಲ. ಐದೂವರೆಗೆ ಮಳೆ ಹಿಡಿದುಕೊಂಡಾಗ ಫೋನು ತೆಗೆದು ನೋಡಿದೆ. ಮ್ಯಾಪಿನಲ್ಲಿ ಹೆಬ್ಬಾಳದವರೆಗೂ ರಸ್ತೆ ಕೆಂಪಗಿತ್ತು. ಚಿಕ್ಕಬಾಣಾವರದ ನನ್ನ ಮನೆಗೆ ಆ ಹೊತ್ತಿಗೆ ಹೊರಡುವುದೂ ಒಂದೇ, ಹೊರಡದಿರುವುದೂ ಒಂದೇ.

ನಾನು ನಿಂತದ್ದು ಮೂರು ಅಂತಸ್ತಿನ ಒಂದು ಕಟ್ಟಡದ ಕೆಳಗೆ, ಬೈಕು ನಿಲ್ಲಿಸುವ ಜಾಗದಲ್ಲಿ. ಮನೆಯ ಯಜಮಾನ ಪಿಳ್ಳಣ್ಣ ಅಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತೆಂಟು ವರ್ಷ ಎಂದು ಮಧ್ಯಾಹ್ನ ನಾನೇ ಬರೆದುಕೊಂಡಿದ್ದೆ, ನನ್ನ ಮನೆ ಎಲ್ಲಿ ಎಂದು ಅವರೂ ಆಗ ಕೇಳಿ ತಿಳಿದುಕೊಂಡಿದ್ದರು. ಮೊಣಕಾಲಿಗೆ ಪಟ್ಟಿ ಸುತ್ತಿತ್ತು, ಪಕ್ಕದಲ್ಲಿ ಒಂದು ಚೊಂಬು ನೀರು. ಮೊಮ್ಮಗಳು ತೇಜಸ್ವಿನಿ ನನಗೆ ಟೀ ತಂದುಕೊಟ್ಟು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಳು. ಎರಡನೇ ಅಂತಸ್ತಿನ ಬಾಡಿಗೆದಾರ ಸಲ್ಮಾನ್, ಏರ್‌ಪೋರ್ಟಿಗೆ ಕಾರು ಓಡಿಸುವವನು, ಮಳೆ ನಿಂತ ಮೇಲೆ ಹೊರಡೋಣವೆಂದು ಗೋಡೆಗೆ ಒರಗಿ ನಿಂತಿದ್ದ.

ಮುದುಕರು ನನ್ನ ಕಡೆ ತಿರುಗಿ ಕೇಳಿದರು.

"ಮೇಡಮ್ಮೋರೇ, ನಮ್ಮ ಮೂರನೇ ಫ್ಲೋರಿಗೆ ಏನಂತ ಬರ್ಕೊಂಡ್ರಿ?"

"ಬೀಗ ಹಾಕಿದೆ ಅಂತ."

"ಕೂಗಿದ್ರಾ?"

"ಬೀಗ ಕಾಣ್ತಿತ್ತಲ್ಲ ಸರ್. ಯಾರನ್ನ ಕೂಗೋದು?"

"ತಾತಾ, ಶುರು ಮಾಡ್ಬೇಡ," ಎಂದಳು ತೇಜಸ್ವಿನಿ ಪುಸ್ತಕದಿಂದ ತಲೆಯೆತ್ತದೆ. "ಮೇಡಂ ಬೆಳಿಗ್ಗೆಯಿಂದ ಸುಸ್ತಾಗಿದ್ದಾರೆ."

"ಸುಸ್ತಾದೋರಿಗೇ ಏಳ್ಬೇಕು ಕಣಮ್ಮಾ ಈ ಕತೆ," ಎಂದರು ಪಿಳ್ಳಣ್ಣ. ಸಲ್ಮಾನನಿಗೆ ಒಂದು ಕುರ್ಚಿ ತೋರಿಸಿದರು. ಅವನು ಕೂತ. ಮಳೆ ಜೋರಾಯಿತು. ಅವರು ದನಿ ಏರಿಸಲಿಲ್ಲ, ನಾವೇ ಹತ್ತಿರ ಸರಿದೆವು.

"ಈಗ ನೀವು ಕೂತಿರೋ ಜಾಗ ಐತಲ್ಲ, ಇದೇ ನಮ್ಮ ಹಳೇ ಮನೆ ಇದ್ದ ಜಾಗ. ನಾಡೆಂಚಿನ ಮನೆ. ಒಳಕ್ಕೆ ಕಾಲಿಟ್ರೆ ನಡುಮನೆ, ಅದರ ಇಂದೆ ರಾಗಿ ತುಂಬಿಡೋ ಕತ್ಲೆ ಕೋಣೆ. ಈ ಕಡೆ ಕಲ್ಲಿನ ಕೋಟೆ ಗೋಡೆ, ಅದು ಇನ್ನೂ ಐತೆ, ಯಾರಿಗೂ ಬೇಡ ಅನ್ನೋದಕ್ಕೇ ಉಳ್ಕೊಂಡೈತೆ. ಆ ಕಡೆ ಕೆರೆ, ಕೆರೆ ಏರಿ ದಾಟಿದ್ರೆ ಮಾವಿನ ತೋಪು, ತೋಪಿನಾಚೆಗೆ ಯಲಹಂಕಕ್ಕೆ ಓಗೋ ಸಣ್ಣ ರೈಲು... ಈ ದೊಡ್ಡ ರಸ್ತೆ ಆವಾಗ ಎಷ್ಟಗಲ ಇತ್ತು ಅಂತೀರಿ? ಎರಡು ಎತ್ತಿನ ಗಾಡಿ ಎದುರುಬದುರಾದ್ರೆ ಒಂದು ಕೆಳಗಿಳೀಬೇಕು, ಅಷ್ಟೇ. ಈಗ ಅದನ್ನ ದಾಟ್ಬೇಕು ಅಂದ್ರೆ ಮೇಲ್ಗಡೆ ಸೇತುವೆ ಅತ್ತಿ ಇಳೀಬೇಕು. ನಮ್ಮ ತೋಪು ಇದ್ದ ಕಡೆ ಕಾರು ತೊಳೀತಾರೆ.

"ಆವಾಗ ವರ್ಷಕ್ಕೊಂದು ಮಂಗಳವಾರ ಹೊರಬೀಡು ಅಂತ ಮಾಡ್ತಿದ್ರು. ಅಂದ್ರೆ ಊರಿಗೆ ಊರೇ ಆಚೆ ಓಗ್ಬೇಕು. ಮುದುಕ್ರು, ಕೂಸು, ಎತ್ತು, ಕೋಳಿ, ನಾಯಿ, ಒಂದು ಜೀವಾನೂ ಊರೊಳಗೆ ಇರಂಗಿಲ್ಲ. ಒಲೆ ಆರಿಸ್ಬೇಕು. ಮನೇಲಿರೋ ನೀರೆಲ್ಲ ಚೆಲ್ಲಿ ಕೊಡಪಾನ ಮಗುಚಾಕ್ಬೇಕು. ಊರ ಬಾಗ್ಲಿಗೆ ಮುಳ್ಳು ಎಳೆದು ಮುಚ್ಚಿ, ತೋಪಲ್ಲಿ ಅಡಿಗೆ ಮಾಡ್ಕೊಂಡು ಉಂಡು, ದೀಪ ಹಚ್ಚೋ ಒತ್ತಿಗೆ ವಾಪಸ್ ಬರೋದು. ಅಷ್ಟೊತ್ತು ಊರು ನಮ್ಮ ಗ್ರಾಮದೇವತೆ ಅಮ್ಮಂದು. ಅವಳು ಖಾಲಿ ಬೀದೀಲಿ ತಿರುಗಾಡ್ಕೊಂಡು, ಇರೋ ಬರೋ ಕಾಯಿಲೆ ಎಲ್ಲ ಗುಡಿಸ್ಕೊಂಡು ಓಗ್ತಾಳೆ ಅಂತ. ಒಂದು ಕಟ್ಟುನಿಟ್ಟು ಏನಪ್ಪಾ ಅಂದ್ರೆ, ಊರೊಳಗಿಂದ ಯಾರಾದ್ರೂ ಕೂಗಿದಂಗೆ ಕೇಳಿದ್ರೆ ಓ ಅನ್ನಬಾರ್ದು. ಖಾಲಿ ಊರಲ್ಲಿ ಕೂಗೋರು ಯಾರು? ಅಮ್ಮ. ನಮ್ಮೋರ ದನೀಲೇ ಕರೀತಾಳೆ. ಓ ಅಂದೋರ ಇಂದೆ ಕಾಯಿಲೆ ಬತ್ತದೆ...

"ಊರು ಖಾಲಿ ಆಯ್ತು ಅಂತ ನೋಡೋ ಕೆಲಸ ನಮ್ಮ ಮನೇದು. ನಮ್ಮಪ್ಪ, ಅವರಪ್ಪ, ಎಲ್ಲಾ ಮಾಡ್ಕೊಂಡು ಬಂದದ್ದು. ಒಂದೊಂದು ಬಾಗ್ಲಲ್ಲೂ ನಿಂತು ಮೂರು ಸಾರಿ ಕೂಗ್ಬೇಕು. ಒಳಗೆ ಯಾರಾದ್ರೂ ಇದ್ರೆ 'ಬಂದೆ' ಅನ್ಬೇಕು. ಮೂರು ಕೂಗಿಗೂ ಯಾರೂ ಅನ್ನಲಿಲ್ಲ ಅಂದ್ರೆ, ಬಾಗ್ಲು ಎಳೆದು ಆಚೆಯಿಂದ ಚಿಲಕ ಆಕಿ, ಚಿಲಕಕ್ಕೆ ಒಂದು ಬೇವಿನ ಸೊಪ್ಪು ಸಿಗಿಸ್ಬೇಕು. ಸೊಪ್ಪು ಕಂಡ್ರೆ ಮನೆ ಖಾಲಿ ಅಂತ ಲೆಕ್ಕ. ನಮ್ಮಪ್ಪ ಏನ್ ಮಾಡ್ತಿದ್ದ ಗೊತ್ತಾ? ಮೊದಲು ನಮ್ಮನೆ ಬಾಗ್ಲಲ್ಲೇ ಯಾರೋ ಪರಊರಿನೋನಂಗೆ ನಿಂತ್ಕೊಂಡು 'ಯಾರಿದೀರಾ ಒಳಗೆ' ಅಂತ ಮೂರು ಸಾರಿ ಕೂಗೋನು. ಒಳಗೆ ನಮ್ಮವ್ವ ನಗೋಳು. ನಾವೂ ನಗ್ತಿದ್ವಿ. ಸ್ವಂತ ಮನೇಲಿ ಯಾರವ್ರೆ ಅಂತ ಇವನಿಗೆ ಗೊತ್ತಿಲ್ವಾ?

"ಅಪ್ಪ ತೀರ್ಕೊಂಡ ವರ್ಷ ಆ ಕೆಲಸ ನನ್ನ ತಲೆ ಮೇಲೆ ಬಿತ್ತು. ಅತ್ತೊಂಬತ್ತು ವರ್ಷ ನಂಗೆ. ಅಣ್ಣ ಬ್ಯಾಟರಾಯಪ್ಪ ಬೇಸಾಯ ನೋಡ್ಕೊಳೋನು, ಅವನ ಎಂಡ್ತಿ ಸೊಣ್ಣಮ್ಮ. ಅತ್ತಿಗೆ ಅಂದ್ರೆ ಬರೀ ಅತ್ತಿಗೆ ಅಲ್ಲ ಮೇಡಮ್ಮೋರೇ, ನಾನು ಎಂಟು ವರ್ಷದೋನಿದ್ದಾಗ ಮನೆಗೆ ಬಂದೋಳು. ನಮ್ಮವ್ವ ಒಲಕ್ಕೋದ್ರೆ ನಂಗೆ ಉಣ್ಣಕ್ಕಿಕ್ಕಿದ್ದು, ತಲೆ ಬಾಚಿದ್ದು, ಏಟು ಕೊಟ್ಟಿದ್ದು ಎಲ್ಲಾ ಅವಳೇ. ಪಿಳ್ಳಾ ಅಂತ ರಾಗ ಎಳೆದು ಕೂಗೋಳು. ಆ ಬೀದಿ ಕೊನೇಲಿ ಗೋಲಿ ಆಡ್ತಿದ್ರೂ ಕೇಳೋದು.

"ಅವತ್ತು ಕೋಳಿ ಕೂಗೋ ಒತ್ತಿಗೆ ಶುರು ಮಾಡ್ದೆ. ನೂರಾ ಚಿಲ್ರೆ ಬಾಗ್ಲು. ಒಂದೊಂದಕ್ಕೂ ಮೂರು ಕೂಗು... ನಮ್ಮನೇದು ಕೊನೇಗಾಯ್ತದೆ ಬಿಡು ಅಂತ ಬಿಟ್ಟೆ. ಎಲ್ಲಾ ಮುಗಿಸ್ಕೊಂಡು ಇಲ್ಲಿಗೆ ಬರೋಷ್ಟರಲ್ಲಿ ಬಿಸಿಲು ಏರಿತ್ತು. ಗಂಟಲು ಕಟ್ಟೋಗಿತ್ತು, ಕಾಲು ಬಿದ್ದೋಗಿತ್ತು. ಬಾಗ್ಲು ಅರ್ಧ ತೆರೆದಿತ್ತು. ಅಣ್ಣ ಎತ್ತು ಒಡ್ಕೊಂಡು ಕತ್ತಲಲ್ಲೇ ಓಗಿದ್ದ. ಅವ್ವ ಪಕ್ಕದ ಮನೆ ಗಾಡೀಲಿ ಓಗಿದ್ಲು. ನಮ್ಮನೆ ಬಾಗ್ಲಲ್ಲಿ ನಾನೇನ್ ಕೂಗೋದು ಅಂದ್ಕೊಂಡೆ. ಬಾಗ್ಲೆಳೆದೆ, ಚಿಲಕ ಆಕ್ದೆ, ಸೊಪ್ಪು ಸಿಗಿಸ್ದೆ.

"ಸಿಟ್ಟಿಲ್ಲ, ದ್ವೇಷ ಇಲ್ಲ, ಮರೆವೂ ಅಲ್ಲ. ಬರೀ ಸುಸ್ತು ಕಣ್ರವ್ವಾ."

ಅವರು ಚೊಂಬನ್ನು ಮುಟ್ಟಿ ನೋಡಿದರು, ಕುಡಿಯಲಿಲ್ಲ. ತೇಜಸ್ವಿನಿ ಪುಟ ತಿರುಗಿಸುವುದು ನಿಲ್ಲಿಸಿದ್ದಳು. ಈ ಕತೆಯ ಮೊದಲ ಅರ್ಧ ಅವಳಿಗೆ ಬಾಯಿಪಾಠವಿದ್ದಿರಬೇಕು, ಇಲ್ಲಿಂದ ಮುಂದೆ ಅವಳೂ ಕೇಳಿರಲಿಲ್ಲವೆಂದು ಅವಳ ಮುಖದಲ್ಲೇ ಕಾಣುತ್ತಿತ್ತು.

"ತೋಪಲ್ಲಿ ಮಧ್ಯಾಹ್ನ ಊಟಕ್ಕೆ ಎಲೆ ಆಕಿದ್ರು. ಆವಾಗ ಕೇಳ್ತು... ಕೆರೆ ನೀರಿನ ಮೇಲಿಂದ ತೇಲ್ಕೊಂಡು ಬಂತು. 'ಪಿಳ್ಳಾ...' ಅಂತ. ಇಡೀ ತೋಪು ಗಪ್‌ಚಿಪ್. ನಮ್ಮೂರಲ್ಲಿ ಆವಾಗ ಪಿಳ್ಳಪ್ಪ, ಪಿಳ್ಳಣ್ಣ, ದೊಡ್ಡಪಿಳ್ಳ, ಚಿಕ್ಕಪಿಳ್ಳ ಅಂತ ಅತ್ತು ಜನ. ಅತ್ತು ಜನಾನೂ ಕಿವಿ ಮುಚ್ಕೊಂಡ್ರು! ಒಬ್ಬನಂತೂ ಉಣ್ತಾ ಇದ್ದ ಎಲೆ ಮೇಲೇ ಮಕಾಡೆ ಬಿದ್ದ. ಅಮ್ಮ ಊರಲ್ಲಿ ತಿರುಗಾಡ್ತಾ ಅವ್ಳೆ, ಯಾರೂ ಓ ಅನ್ಬೇಡಿ, ತಿರುಗಿ ನೋಡ್ಬೇಡಿ ಅಂದ್ರು ಯಜಮಾನ್ರು.

"ನಮ್ಮವ್ವ ಬಂದು ಪಿಸುಮಾತಲ್ಲಿ ಕೇಳಿದ್ಲು. 'ಅತ್ತಿಗೆ ಎಲ್ಲೋ? ಮೈ ಬಿಸಿ ಐತೆ, ಪಿಳ್ಳನ ಜೊತೆ ನಿಧಾನವಾಗಿ ಬತ್ತೀನಿ, ನೀವು ನಡೀರಿ ಅಂದಿದ್ಲು' ಅಂತ.

"ನಾನು ಏನಂದೆ? 'ಆ ಕಡೆ ಎಂಗಸ್ರ ಜೊತೆ ಕೂತವ್ಳೆ' ಅಂದೆ.

"ಯಾಕಂದೆ? ಇಷ್ಟು ವರ್ಷ ನಂಗೆ ನಾನೇ ಏಳ್ಕೊಂಡಿದ್ದು ಏನು ಗೊತ್ತಾ... ಅದು ಅತ್ತಿಗೆ ಅಲ್ಲ, ಅತ್ತಿಗೆ ದನೀಲಿ ಅಮ್ಮ ಕರೀತಾ ಅವ್ಳೆ ಅಂತ ನಂಬಿದ್ದೆ, ಚಿಕ್ಕೋನು, ಎದರ್ಕೊಂಡಿದ್ದೆ ಅಂತ. ಸುಳ್ಳು. ನಂಗೆ ಗೊತ್ತಿತ್ತು. ಅಷ್ಟು ವರ್ಷ ಕೇಳಿದ ದನಿ ಗೊತ್ತಾಗಾಕಿಲ್ವಾ? ನಾನು ಎದ್ದು, ಮುಳ್ಳು ತೆಗೀರಿ, ಒಳಗೆ ಜನ ಅವ್ರೆ ಅಂದಿದ್ರೆ ಆಗೋಗೋದು. ಹೊರಬೀಡು ಕೆಡೋದು, ಇನ್ನೊಂದ್ಸಾರಿ ಮಾಡ್ಬೇಕಾಗೋದು. ಅಪ್ಪ ಮಾಡ್ದಂಗೆ ಇವನು ಮಾಡ್ಲಿಲ್ಲ, ಕೂಗ್ದೇನೇ ಸೊಪ್ಪು ಸಿಗಿಸ್ದ ಅಂತ ಊರೆಲ್ಲ ಅನ್ನೋದು. ಅಷ್ಟೇ. ಅಷ್ಟಕ್ಕೇ ನಾನು ಬಾಯಿ ಮುಚ್ಕೊಂಡು ಕೂತೆ. ಸಂಜೆಗೆ ಓಗಿ ಬಾಗ್ಲು ತೆಗೆದ್ರಾಯ್ತು, ಮನೇಲೇ ತಾನೇ ಅವ್ಳೆ, ನಾಕು ಏಟು ಆಕ್ತಾಳೆ, ಆಕ್ಲಿ ಅಂದ್ಕೊಂಡೆ. ಮನೇಲಿ ನೀರೆಲ್ಲ ಚೆಲ್ಲಿದ್ದು ನಂಗೆ ನೆನಪಿಗೆ ಬಂದಾಗ ಇನ್ನೊಂದ್ಸಾರಿ ಕೂಗಿದ್ಲು. ಆಮೇಲೆ ಬಾಳ ಒತ್ತು ಬಿಟ್ಟು ಮೂರನೇದು... ಅದು ಕೂಗು ಅಲ್ಲ, ಉಸಿರು. ನಾನೊಬ್ಬನೇ ಕೇಳಿಸ್ಕೊಂಡೆ ಅನ್ನಿಸ್ತದೆ.

"ದೀಪ ಹಚ್ಚೋ ಒತ್ತಿಗೆ ಮುಳ್ಳು ತೆಗೆದ್ರು. ಮೊದಲು ಒಳಕ್ಕೋಗೋನು ನಾನೇ, ಅದೂ ನಮ್ಮ ಮನೆ ಕೆಲಸಾನೇ. ಓಡ್ಬಂದೆ. ಚಿಲಕ ತೆಗೆದು ತಳ್ಳಿದ್ರೆ ಬಾಗ್ಲು ಬರ್ತಿಲ್ಲ. ಅದಕ್ಕೇ ಒರಗ್ಕೊಂಡು ಕೂತಿದ್ಲು. ಜ್ವರಕ್ಕೆ ಕಂಬಳಿ ಒದ್ಕೊಂಡು ರಾಗಿ ಕೋಣೇಲಿ ಮಲಗಿದ್ದೋಳು, ತೆವಳ್ಕೊಂಡು ಬಂದವ್ಳೆ. ಮನೇಲಿದ್ದ ಕೊಡಪಾನ ಎಲ್ಲಾ ಒಂದೊಂದಾಗಿ ಎತ್ತಿ ನೋಡವ್ಳೆ. ತುಟಿ ಒಣಗಿ ಸೀಳೋಗಿತ್ತು. ಮೈ ಇನ್ನೂ ಬೆಚ್ಚಗಿತ್ತು ಮೇಡಮ್ಮೋರೇ.

"ನನ್ನನ್ನ ಯಾರಾದ್ರೂ ಬೈದ್ರಾ? ಇಲ್ಲ. ಅದೇ ದೊಡ್ಡ ಶಿಕ್ಷೆ. ಅಮ್ಮನೇ ಇವಳನ್ನ ಕರ್ಕೊಂಡ್ಲು ಅಂದ್ರು. ನಮ್ಮಣ್ಣ ನನ್ನ ಎಗಲ ಮೇಲೆ ಕೈ ಆಕಿ ಅತ್ತ. ಸಾಯೋವರ್ಗೂ ಅವನಿಗೆ ನಾನು ಏಳ್ಲಿಲ್ಲ.

"ಮಾರನೇ ವರ್ಷ ಹೊರಬೀಡು. ಅದೇ ತೋಪು, ಅದೇ ಊಟದ ಒತ್ತು. 'ಪಿಳ್ಳಾ...' ಅಂತ ಬಂತು. ಯಾರೂ ತಲೆ ಎತ್ತಲಿಲ್ಲ, ಅವರಿಗೆ ಕೇಳಿಸ್ಲೇ ಇಲ್ಲ. ನಾನು ಎದ್ದೆ. 'ಬಂದೆ ಅತ್ತಿಗೇ' ಅಂತ ಕಿರುಚ್ಕೊಂಡು ಏರಿ ಮೇಲೆ ಓಡ್ದೆ, ಮುಳ್ಳು ತುಳ್ಕೊಂಡೇ ಒಳಕ್ಕೋದೆ, ಬಾಗ್ಲು ತೆಗೆದೆ. ಯಾರೂ ಇಲ್ಲ. ಊರೋರು ಬಂದು ಚೆನ್ನಾಗಿ ತದುಕಿದ್ರು. ಆ ಕೆಲಸ ಬೇರೆ ಮನೆಗೋಯ್ತು. ನಾನು ಅಷ್ಟಕ್ಕೇ ಮುಗೀತು ಅಂದ್ಕೊಂಡೆ...

"ಆಮೇಲೆ ಹೊರಬೀಡೂ ನಿಂತೋಯ್ತು. ರಸ್ತೆ ಅಗಲ ಆಯ್ತು, ಏರ್‌ಪೋರ್ಟ್ ಬಂತು. ಆದ್ರೆ ನಿಜ ಏಳಿ, ನಿಂತೈತಾ? ಒಂಬತ್ತು ಗಂಟೆ ಒಡೆದ್ರೆ ಎಲ್ಲಾ ಬೀಗ ಜಡಿದು ಒಂಟೋಗ್ತಾರೆ. ಏರ್‌ಪೋರ್ಟಿಗೊಬ್ಬ, ಹೆಬ್ಬಾಳಕ್ಕೊಬ್ಬ, ಯಶವಂತಪುರಕ್ಕೊಬ್ಬ. ದೀಪ ಹಚ್ಚೋ ಒತ್ತು ದಾಟಿದ ಮೇಲೇ ಬರೋದು. ಈಗ ನಮ್ಮೂರಲ್ಲಿ ದಿನಾ ಹೊರಬೀಡು. ದಿನಾ ಕೂಗ್ತಾಳೆ. ಇವತ್ತು ಆ ಬೀದಿ, ನಾಳೆ ಈ ಬೀದಿ. ನಾನು ಚೊಂಬು ಇಡ್ಕೊಂಡು 'ಬಂದೆ' ಅಂತ ಓಗ್ತೀನಿ. ಮನೆ ಯಜಮಾನ್ರನ್ನ ಕಾಡಿ ಬೇಡಿ ಬೀಗ ತೆಗೆಸ್ತೀನಿ. ಮುದುಕನಿಗೆ ತಲೆ ಕೆಟ್ಟೈತೆ ಅಂತಾರೆ. ಅನ್ಲಿ. ಯಾವಾಗ್ಲೂ ಒಳಗೆ ಯಾರೂ ಇರಾಕಿಲ್ಲ...

"ಯಾವಾಗ್ಲೂ ಅಂದ್ನಾ? ಎರಡು ಸಾರಿ ಇದ್ರು. ಒಬ್ಬ ಅಸ್ಸಾಮಿ ಹುಡುಗ, ಸೆಕ್ಯೂರಿಟಿ ಕೆಲಸದೋನು. ರೂಮಿಗೆ ಒಂದೇ ಕೀ ಅಂತ ಜೊತೆಗಾರ ಆಚೆಯಿಂದ ಬೀಗ ಆಕ್ಕೊಂಡು ಡ್ಯೂಟಿಗೆ ಓಗಿದ್ದ. ಡೆಂಗಿ ಜ್ವರ, ನೆಲದ ಮೇಲೆ ಬಿದ್ದಿದ್ದ. ಇನ್ನೊಂದ್ಸಾರಿ ಒಬ್ಳು ಬಸುರಿ. ಇಬ್ರೂ ಉಳ್ಕೊಂಡ್ರು. ಆ ಹುಡುಗ 'ನಾನು ಕೂಗ್ಲೇ ಇಲ್ಲ, ದನೀನೇ ಇರ್ಲಿಲ್ಲ ತಾತಾ' ಅಂದ. ಮತ್ತೆ ನನ್ನ ಕೂಗಿದ್ದು ಯಾರು? ಅದಕ್ಕೇ ಒಂದು ಕೂಗನ್ನೂ ಬಿಡಂಗಿಲ್ಲ. ಅವಳೋ, ಇನ್ಯಾರೋ ಅಂತ ಬಾಗ್ಲು ತೆಗೆದ ಮೇಲೇ ಗೊತ್ತಾಗೋದು. ಈ ಯುಗಾದಿಯಿಂದ ಮೊಣಕಾಲು ಓಯ್ತು. ಇವತ್ತು ಮಧ್ಯಾಹ್ನ ನೀವು ಬಂದೋದ್ರಲ್ಲ, ಆವಾಗಿಂದ ನಮ್ಮನೆ ಮೂರನೇ ಫ್ಲೋರಲ್ಲೇ ಕೂಗ್ತಾ ಅವ್ಳೆ. ನಾನೆಂಗೆ ಮೆಟ್ಲು ಅತ್ಲಿ?"

"ಅಲ್ಲಿ ಯಾರೂ ಇಲ್ಲ ತಾತಾ," ಎಂದಳು ತೇಜಸ್ವಿನಿ. "ಹೋದ ತಿಂಗಳೇ ಖಾಲಿ ಮಾಡಿದ್ರಲ್ಲ."

ಮಳೆ ಸ್ವಲ್ಪ ತಗ್ಗಿತ್ತು. ಆಗ ಮೇಲಿಂದ ನನಗೆ ಕೇಳಿಸಿತು. ಮಾತು ಸ್ಪಷ್ಟವಿರಲಿಲ್ಲ. ಒಣಗಿದ ಗಂಟಲಿನ ಹೆಂಗಸೊಬ್ಬಳು ಯಾರನ್ನೋ ಕರೆದ ಹಾಗಿತ್ತು. ನಾನು ಸಲ್ಮಾನನ ಕಡೆ ನೋಡಿದೆ. "ಏನ್ ಮೇಡಂ?" ಎಂದ. ಅವನಿಗೆ ಏನೂ ಕೇಳಿಸಿರಲಿಲ್ಲ. ತೇಜಸ್ವಿನಿಗೂ ಇಲ್ಲ. ಮುದುಕರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

ನನಗೆ ದೆವ್ವದ ಭಯವಾಗಲಿಲ್ಲ, ನಿಜ ಹೇಳುತ್ತೇನೆ. ಆದದ್ದು ಬೇರೆ ಭಯ. ಆ ದಿನ ಎಷ್ಟು ಬಾಗಿಲ ಮುಂದೆ ಬೀಗವೊಂದನ್ನೇ ನೋಡಿ, ಕಾಲು ನೋಯುತ್ತದೆಂದು, ಬೆರಳೂ ತಾಗಿಸದೆ ಇಳಿದು ಬಂದಿದ್ದೆ? ಒಳಗೆ ಯಾರಾದರೂ ಇದ್ದರೆ ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ನಾಚಿಕೆಯಾಯಿತು. ಕೀ ಕೊಡಮ್ಮಾ ಎಂದು ತೇಜಸ್ವಿನಿಯಿಂದ ಇಸಿದುಕೊಂಡೆ. ಮುದುಕರು ಚೊಂಬನ್ನು ನನ್ನ ಕೈಗಿತ್ತರು. ಸಲ್ಮಾನ್ ಮೊಬೈಲಿನ ಟಾರ್ಚ್ ಹಿಡಿದು ನನ್ನ ಜೊತೆ ಬಂದ.

ಎರಡನೇ ಅಂತಸ್ತು ದಾಟುವಾಗ ಮತ್ತೆ ಕೇಳಿಸಿತು. ಈ ಸಲ ಹತ್ತಿರದಲ್ಲಿ.

"ಬಂದೆ, ಬಂದೆ," ಎಂದೆ. ಶಾಲೆಯಲ್ಲಿ ಮಕ್ಕಳು ಕರೆದರೂ, ಮನೆಯಲ್ಲಿ ಅತ್ತೆ ಕರೆದರೂ ನನ್ನ ಬಾಯಿಂದ ಯೋಚಿಸದೆ ಬರುವ ಮಾತು ಅದು.

"ಯಾರಿಗೆ ಹೇಳ್ತಿದೀರಾ ಮೇಡಂ?" ಎಂದ ಸಲ್ಮಾನ್. ಬೀಗ ತೆಗೆದು ಬಾಗಿಲು ತಳ್ಳಿದೆ. ಮೊದಲು ಸ್ವಲ್ಪ ಬಿಗಿಯಾಗಿತ್ತು, ಆಮೇಲೆ ಒಳಗಿನ ಭಾರ ಸರಿದಂತೆ ಸಲೀಸಾಗಿ ತೆರೆದುಕೊಂಡಿತು. ಒಳಗೆ ಯಾರೂ ಇರಲಿಲ್ಲ. ಒಂದು ಹಳೇ ಕ್ಯಾಲೆಂಡರು, ಮೂಲೆಯಲ್ಲಿ ಅರ್ಧ ಚೀಲ ಸಿಮೆಂಟು. ಅಡಿಗೆಮನೆ, ಬಚ್ಚಲು ಎಲ್ಲ ನೋಡಿದೆವು. ಚೊಂಬನ್ನು ಏನು ಮಾಡುವುದೆಂದು ತಿಳಿಯದೆ ಹೊಸ್ತಿಲ ಒಳಗಿಟ್ಟು ಬಂದೆ.

ಕೆಳಗೆ ಪಿಳ್ಳಣ್ಣ ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣು ಮುಚ್ಚಿದ್ದರು. ಅಷ್ಟು ಹೊತ್ತೂ ಬಿಗಿ ಹಿಡಿದಿದ್ದ ಮೈ ಸಡಿಲಾಗಿತ್ತು. ಯಾರೂ ಇಲ್ಲ ಸರ್ ಎಂದೆ.

"ಗೊತ್ತು," ಎಂದರು. "ನೀವು 'ಬಂದೆ' ಅಂದ್ರಾ?"

"ಬಾಯಿ ತಪ್ಪಿ ಅಂದೆ."

"ನಾನು ಬೇಕು ಅಂತ ಮಾಡ್ಲಿಲ್ಲ ಮೇಡಮ್ಮೋರೇ..." ಎಂದವರು ತಲೆ ಅಲ್ಲಾಡಿಸಿದರು. "ಸುಳ್ಳ್ಯಾಕೆ, ಬೇಕು ಅಂತಾನೇ ಮಾಡ್ದೆ. ಮನೆ ಮನೆ ಬಾಗ್ಲಿಗೆ ಓಗೋರು ನೀವು, ಅದಕ್ಕೇ ಕತೆ ಏಳ್ದೆ. ಅರವತ್ತು ವರ್ಷ ಆಯ್ತು, ಇನ್ನು ನನ್ನ ಕೈಲಾಗಾಕಿಲ್ಲ. ತಪ್ಪು ತಿಳ್ಕೋಬ್ಯಾಡಿ. 'ಬಂದೆ' ಅಂದೋರನ್ನೇ ಇನ್ಮೇಲೆ ಅವ್ಳು ಕೂಗೋದು; ಏನೂ ಮಾಡಾಕಿಲ್ಲ, ಕೂಗ್ತಾಳೆ, ಅಷ್ಟೇ. ಚಿಕ್ಕಬಾಣಾವರ ಆಗ್ಲಿ, ಗೊರಗುಂಟೆಪಾಳ್ಯ ಆಗ್ಲಿ, ಬೀಗ ಎಲ್ಲಿಲ್ಲ ಏಳಿ? ಕೇಳಿಸಿದ ತಕ್ಷಣ ಓಗಿ. ಸುಸ್ತಾಗೈತೆ ಅಂತ ಕೂರ್ಬ್ಯಾಡಿ. ಮೂರನೇ ಕೂಗು ಬರೋಕೆ ಮುಂಚೆ ಬಾಗ್ಲು ತೆಗೀರಿ..."

ಅವರು ಕಿವಿಯ ಹಿಂದೆ ಕೈಯಿಟ್ಟುಕೊಂಡು ಮೇಲಕ್ಕೆ, ಬೀದಿಗೆ, ಕೋಟೆ ಗೋಡೆಯ ಕಡೆಗೆ ಒಂದೊಂದಾಗಿ ತಿರುಗಿ ಆಲಿಸಿದರು. ಮಳೆ ನಿಂತಿತ್ತು. ಬೀದಿಯಾಚೆಗಿನ ಕಟ್ಟಡಗಳಲ್ಲಿ ಒಂದು ಕಿಟಕಿಯಲ್ಲೂ ಇನ್ನೂ ದೀಪವಿರಲಿಲ್ಲ.

"ನಂಗೇನೂ ಕೇಳಿಸ್ತಾ ಇಲ್ಲ," ಎಂದರು ಪಿಳ್ಳಣ್ಣ, ಅಳುವಿಗೆ ಹತ್ತಿರದ ದನಿಯಲ್ಲಿ. "ನಿಮಗೆ ಕೇಳಿಸ್ತಾ ಐತೆ, ಅಲ್ವಾ? ಈಗ ಪಿಳ್ಳಾ ಅಂತಾಳಾ... ಇಲ್ಲ ನಿಮ್ಮ ಎಸ್ರು ಇಡ್ದು ಕೂಗ್ತಾ ಅವ್ಳಾ?"